ಅಕ್ಕನ ಬೆನ್ನು

ನನ್ನ ಮುಖ ಒಂದು ಸಿನಿಮಾದಲ್ಲಿ ಬಂದಿದೆ. ಅದೇ ಸಿನಿಮಾದಲ್ಲಿ ನನ್ನ ವಾರಗಿತ್ತಿಯ ಬೆನ್ನು ಬಂದಿದೆ. ಇಷ್ಟು ವರ್ಷವಾದರೂ ಆ ಬೆನ್ನು ನೆನಪಾದರೆ ನನಗೆ ಹೊಟ್ಟೆ ಉರಿಯುತ್ತದೆ.

ಎಂಬತ್ತರ ದಶಕದ ಮಾತು. ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಭಾವನವರ ಫ್ಯಾಕ್ಟರಿಯ ಸ್ನೇಹಿತರೊಬ್ಬರ ತಮ್ಮ ಸಿನಿಮಾ ತೆಗೆಯಲು ಹೊರಟಿದ್ದ. ಗಡ್ಡದ ಹುಡುಗ, ಸೆಟ್ ಹಾಕಿಸುವ ತಾಕತ್ತಿಲ್ಲ. ಉದ್ದದ ಪ್ಯಾಸೇಜ್ ಇರುವ, ಜನ ತುಂಬಿದ ಮನೆ ಬೇಕೆಂದು ನಮ್ಮಲ್ಲಿಗೆ ಬಂದ. ಕಥೆ ಹೀಗೆ: ದೂರದ ನೆಂಟಳೆಂದು ಹೇಳಿಕೊಂಡು ಒಬ್ಬ ಹೆಂಗಸು ತುಂಬಿದ ಮನೆಗೆ ಬರುತ್ತಾಳೆ. ಯಾರೂ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಬರಬರುತ್ತಾ ಅವಳ ತಲೆ ಕೆಟ್ಟು, ಆ ಮನೆಯ ಸೊಸೆಯನ್ನೇ ಮುಗಿಸಿ ಆ ಜಾಗದಲ್ಲಿ ಕೂರಲು ನೋಡುತ್ತಾಳೆ.

ಆ ಹೆಂಗಸಿನ ಪಾತ್ರ ಮಾಡುತ್ತಿದ್ದ ನಟಿಗೆ ಒಂದು ದಿನ ಬೇರೆ ಕಡೆ ಶೂಟಿಂಗ್ ಬಿತ್ತು. ಹಿಂದಿನಿಂದ ತೆಗೆಯುವ ದೃಶ್ಯಗಳಿಗೆ ಅವಳ ಮೈಕಟ್ಟಿನ ಯಾರಾದರೂ ಸಾಕು ಎಂದ ನಿರ್ದೇಶಕ. ಮನೆಯಲ್ಲಿದ್ದವರು ನಾನು, ಅಕ್ಕ ಇಬ್ಬರೇ. ವಾರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಂಡಸರು ಕೆಲಸಕ್ಕೆ ಹೋಗಿದ್ದರು. ಅತ್ತೆ ಈ ಗಲಾಟೆಯೇ ಬೇಡವೆಂದು ಬೆಳಿಗ್ಗೆಯೇ ವಿಜಯನಗರಕ್ಕೆ, ನನ್ನ ತವರಿಗೆ ಹೊರಟುಹೋಗಿದ್ದರು. ನನ್ನ ತವರೆಂದರೆ ಅವರ ತವರೂ ಹೌದು, ನಾನು ಅವರ ತಮ್ಮನ ಮಗಳು. ಲಂಗ ಹಾಕುವ ಕಾಲದಿಂದ ಅತ್ತೆಯ ಈ ರಾಜಾಜಿನಗರದ ಮನೆಯಲ್ಲಿ ಓಡಾಡಿ ಬೆಳೆದವಳು, ಮದುವೆ ಬರೀ ಶಾಸ್ತ್ರಕ್ಕೆ. ಅಕ್ಕ ಕೆಂಗೇರಿ ಆಚೆಯಿಂದ ಬಂದ ಹೊರಗಿನ ಸೊಸೆ. ನನಗಿಂತ ಎಷ್ಟೋ ವರ್ಷ ಮೊದಲು ಸೇರು ಒದ್ದು ಒಳಗೆ ಬಂದವಳು.

ಹಾಲ್‌ನಿಂದ ಅಡುಗೆಮನೆಗೆ ನಡೆದು ತೋರಿಸಿ ಎಂದ ನಿರ್ದೇಶಕ. ನಾನು ಹೊಸ ಸಿನಿಮಾ ಒಂದನ್ನೂ ಬಿಟ್ಟವಳಲ್ಲ. ಸೆರಗು ಹಾರಿಸಿ, ತಲೆಯೆತ್ತಿ ನಡೆದೆ. ಅಕ್ಕ ದಿನದ ಹಸಿರು ಸೀರೆಯಲ್ಲೇ ಗೋಡೆಯ ಪಕ್ಕಕ್ಕೆ ಸರಿದು ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ದಿನಾ ಹೋಗುವುದೂ ಹಾಗೆಯೇ.

"ಇವರೇ," ಎಂದುಬಿಟ್ಟ ಅವನು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೇನು ಕಮ್ಮಿ ಎಂದು ನೇರವಾಗಿಯೇ ಕೇಳಿದೆ.

"ನೀವು ನಡೆದ್ರೆ ಇದು ನಿಮ್ಮನೆ ಅಂತ ಗೊತ್ತಾಗ್ಬಿಡತ್ತೆ ಮೇಡಂ. ಅವ್ರು ನಡೆದ್ರೆ ಹಾಗನ್ಸಲ್ಲ."

ಅದು ಹೊಗಳಿಕೆಯೇ ಇರಬೇಕು. ನನಗೆ ಮಾತ್ರ ಮೈಯೆಲ್ಲ ಮೆಣಸಿನಕಾಯಿ ಸವರಿದ ಹಾಗಾಯಿತು.

ಕಾಫಿ ಕೊಡುವ ನೆಪದಲ್ಲಿ ಎಲ್ಲವನ್ನೂ ನಿಂತು ನೋಡಿದೆ. ಅಕ್ಕನನ್ನು ಹಿತ್ತಲಲ್ಲಿ, ಊಟದ ಕೋಣೆಯ ಕಿಟಕಿಯ ಆಚೆ ನಿಲ್ಲಿಸಿದರು. ಕ್ಯಾಮೆರಾವನ್ನೂ ಹೊರಗೇ, ಅವಳ ಬೆನ್ನ ಹಿಂದೆ ದೂರದಲ್ಲಿಟ್ಟರು. ಒಳಗೆ ಜಗ್ಗನೆ ಲೈಟು, ಹೊರಗೆ ಕಪ್ಪು ಬಟ್ಟೆ ಕಟ್ಟಿ ಮಾಡಿದ ಕತ್ತಲು, ನಡುವೆ ಕಿಟಕಿಯ ಸರಳು. ಅಕ್ಕ ಮೂಲೆಯಲ್ಲಿ ಪುಟ್ಟದಾಗಿ ಕಾಣಬೇಕು, ಉಳಿದದ್ದೆಲ್ಲ ಖಾಲಿ ಗೋಡೆಯಾಗಿರಬೇಕು. ಹಿತ್ತಲಿಗೆ ಬಂದ ಮೇಲೆ ಕ್ಯಾಮೆರಾ ಅವಳನ್ನು ಬಿಟ್ಟು ಒಂದು ಸಲವೂ ಒಳಗೆ ಹೋಗುವುದಿಲ್ಲವಂತೆ, ಆಗ ನೋಡುವವರೂ ಅವಳ ಜೊತೆ ಹೊರಗೇ ಉಳಿಯುತ್ತಾರಂತೆ. ಹಿಂದಿನ ದಿನ, ಭಾನುವಾರ, ಅಡುಗೆಮನೆಯಲ್ಲಿದ್ದ ಅಕ್ಕನನ್ನು ಬಿಟ್ಟು ನಮ್ಮನ್ನೆಲ್ಲ ಕೂರಿಸಿ, ಊಟ ಮಾಡುತ್ತಾ ನಗುವ ದೃಶ್ಯ ತೆಗೆದಿದ್ದರು. ನಗು ಸರಿಯಾಗಿ ಬರಲಿಲ್ಲವೆಂದು ನನ್ನಿಂದ ಮತ್ತೆ ಮತ್ತೆ ಮಾಡಿಸಿದ್ದರು. ಅಕ್ಕ ಕಿಟಕಿಯ ಈ ದೃಶ್ಯವನ್ನು ಒಂದೇ ಸಲಕ್ಕೆ ಮುಗಿಸಿದಳು. ಅದು ಹೇಗೆ ಮಾಡಿದೆ ಎಂದರೆ, "ನಾನೇನ್ ಮಾಡ್ದೆ, ಸುಮ್ನೆ ನಿಂತಿದ್ದೆ ಅಷ್ಟೆ ಕಣೇ," ಎಂದಳು.

ಸಂಜೆ ಬಂದ ಅತ್ತೆಯ ಹತ್ತಿರ ನಾನು ಈ ವಿಷಯ ಎತ್ತಲಿಲ್ಲ. ಯಾಕೆ ಎತ್ತಬೇಕು? ಅಕ್ಕ ತಾನಾಗಿ ಹೇಳುವವಳಲ್ಲ. ಹೋಗಲಿ, ನನ್ನ ಮುಖವಾದರೂ ಊರೆಲ್ಲ ನೋಡುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಸಿನಿಮಾ ಮೆಜೆಸ್ಟಿಕ್ ಕಡೆಯ ಒಂದು ಥಿಯೇಟರ್‌ಗೆ ಬಂತು. ಮನೆಮಂದಿಯೆಲ್ಲ ಹೋದೆವು. ಗಂಡಸರೆಲ್ಲ ಮುಂದಿನ ಸಾಲಿನಲ್ಲಿ, ಅತ್ತೆ ನನ್ನ ಪಕ್ಕದಲ್ಲಿ, ಅಕ್ಕ ನಮ್ಮ ಸಾಲಿನ ತುದಿಯಲ್ಲಿ. ತೆರೆಯ ಮೇಲೆ ನನ್ನ ನಗು ಬಂದಾಗ ಅತ್ತೆ ನನ್ನ ತೊಡೆ ತಟ್ಟಿದರು. ಎಷ್ಟು ಲಕ್ಷಣವಾಗಿ ಕಾಣ್ತೀಯೇ ಎಂದರು. ಮರುಕ್ಷಣವೇ ಹಿತ್ತಲು, ಸರಳು, ಕತ್ತಲಲ್ಲಿ ಆ ಬೆನ್ನು. ನಮ್ಮ ನಗು, ತಟ್ಟೆ ಲೋಟದ ಸದ್ದು ಒಂದೊಂದಾಗಿ ಅಡಗಿ, ಕೊನೆಗೆ ಹಿತ್ತಲ ನಲ್ಲಿ ತೊಟ್ಟಿಕ್ಕುವುದೊಂದೇ ಉಳಿಯಿತು. ಹಿಂದೆ ಕಡಲೆಕಾಯಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸಿದರು. ನನಗಾಗಿ ಯಾರೂ ನಿಲ್ಲಿಸಿರಲಿಲ್ಲ.

"ಯಾರೇ ಅದು, ನಮ್ಮ ಹಿತ್ತಲಲ್ಲಿ?" ಅತ್ತೆ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತುದಿಯಿಂದ ಅಕ್ಕ ಹೇಳಿದಳು: "ಯಾರೋ ಸಿನಿಮಾದೋರು, ಅತ್ತೆ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮನೆ ಸೀರೇನೇ ಉಡ್ಸಿದಾರೆ ನೋಡು."

ಅಕ್ಕ ಉಟ್ಟಿದ್ದ ಅದೇ ಹಸಿರು ಸೀರೆಯ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ತೆರೆಯನ್ನೇ ನೋಡುತ್ತಾ ಕೂತಳು. ಇಡೀ ಥಿಯೇಟರ್ ಉಸಿರು ಬಿಗಿಹಿಡಿದು ಅವಳನ್ನು ನೋಡುತ್ತಿತ್ತು, ಅವಳ ಅತ್ತೆಯೊಬ್ಬರನ್ನು ಬಿಟ್ಟು. ನನ್ನ ಕೈ ಮಾತ್ರ ಅತ್ತೆಯ ಕೈಯೊಳಗೆ ಭದ್ರವಾಗಿತ್ತು. ಆಗಲೂ ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚೇ ಆಯಿತು.