ಮಗಳಿಗೆ ಬಡಿಸದ ಉಪ್ಪಿಟ್ಟಿನ ಮೂಕಮ್ಮ

ತಾಳಗುಂದದಲ್ಲಿ ಕೋಳಿ ಕೂಗುವ ಹೊತ್ತಿಗೆ ಮೂಕಮ್ಮ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತಾಗಿರುತ್ತದೆ. ಮೊದಲು ಒಂದು ಹಿಡಿ ಅಕ್ಕಿಯನ್ನು ಕಲ್ಲಿನ ಬಾಯಿಗೆ ಹಾಕಿ ನಾಲ್ಕು ಸುತ್ತು ತಿರುಗಿಸುತ್ತಾಳೆ. ಆ ಹಿಟ್ಟನ್ನು ಗೋರಿಕೊಂಡು ಹೋಗಿ ಎಮ್ಮೆಯ ಬಾನಿಗೆ ಸುರಿಯುತ್ತಾಳೆ. ನಿಜವಾದ ಬೀಸುವ ಕೆಲಸ ಶುರುವಾಗುವುದು ಆಮೇಲೆ. ಇಲ್ಲದವರ ಮನೆಯಲ್ಲಿ ದಿನಾ ಒಂದು ಹಿಡಿ ಅಕ್ಕಿ ಎಮ್ಮೆಗೆ ಹಾಕುವುದು ಸೊಕ್ಕು ಅಂತ ಕಂಡವರು ಅಂದದ್ದುಂಟು. ಅನ್ನಲಿ ಬಿಡಿ. "ನಾನಿಲ್ದಾಗ ಯಾರಾದ್ರೂ ಬಂದು ಒಂದ್ ಪಾವು ಗೋಧಿ ಬೀಸ್ಕಂಡು ಹೋಗಿದ್ರೆ ಏನ್ ಮಾಡ್ಲಿ? ಕಲ್ಲು ಬಾಯಿ ಬಿಟ್ಟು ಹೇಳ್ತದಾ?" ಅಂತಾಳೆ ಮೂಕಮ್ಮ.

ಆರೂವರೆಗೆಲ್ಲ ಮಗಳು ವನಜಳ ಇಡೀ ದಿನದ ಊಟ ತಯಾರಾಗಿಬಿಡಬೇಕು. ಬೆಳಗಿಗೆ ಅಕ್ಕಿ ನುಚ್ಚಿನ ಗಂಜಿ, ಮಧ್ಯಾಹ್ನಕ್ಕೆ ಅಕ್ಕಿ ರೊಟ್ಟಿ, ಹೆಸರುಕಾಳಿನ ಪಲ್ಯ, ಸಂಜೆಯ ಮುದ್ದೆಗೆ ಅಳೆದಿಟ್ಟ ರಾಗಿ ಹಿಟ್ಟು. ಎಲ್ಲವನ್ನೂ ಮುಚ್ಚಿ ನೆಲುವಿಗೆ ಏರಿಸುತ್ತಾಳೆ. ಆರು ವರ್ಷದ ವನಜ ಗೋಧಿ ತಿನ್ನುವ ಹಾಗಿಲ್ಲ. ತಿಂದರೆ ಅವಳ ಕರುಳು ಒಪ್ಪುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಭೇದಿ ಹಿಡಿಯುತ್ತದೆ, ಉಂಡದ್ದೊಂದೂ ಮೈಗೆ ಹತ್ತದೆ ಮಗು ಕಣ್ಣೆದುರೇ ಸವೆಯುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಸೂಜಿಯಿಲ್ಲ. ಬದುಕಿರುವಷ್ಟು ದಿನ ಗೋಧಿ ಮುಟ್ಟದಿರುವುದೊಂದೇ ಮದ್ದು. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಕಟ್ಟಿದ ಮಹರಾಯನಿಗೆ ಊಟ ಬಲ್ಲವರಾಗುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿತ್ತೋ ಇಲ್ಲವೋ.

ಮಗಳ ಅಡುಗೆ ಮುಗಿಸಿ ಮೂಕಮ್ಮ ಹೋಗುವುದೆಲ್ಲಿಗೆ? ಊರ ಶಾಲೆಗೆ, ಗೋಧಿ ಬೇಯಿಸಲಿಕ್ಕೆ. ಹಣೆಬರಹ ಅಂದರೆ ಇದೇ. ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಕೊಡುವ ಉಪ್ಪಿಟ್ಟಿನ ಅಡುಗೆಯವಳು ಅವಳೇ. ಪರದೇಶದಿಂದ ಹಡಗಿನಲ್ಲಿ ಬಂದ ಗೋಧಿ ನುಚ್ಚು, ತಗಡಿನ ಡಬ್ಬಿಯಲ್ಲಿ ಬಂದ ಎಣ್ಣೆ. ನೂರ ಮೂವತ್ತೆಂಟು ಮಕ್ಕಳಿಗೆ ದಿನಕ್ಕೆ ಹನ್ನೊಂದು ಕೆ.ಜಿ. ನುಚ್ಚು, ಬಾವಿಯಿಂದ ಹದಿನಾಲ್ಕು ಕೊಡ ನೀರು, ಎರಡು ಹೊರೆ ಸೌದೆ. ಮಗುಚುವ ಸಟ್ಟುಗ ಅವಳ ಎದೆಯೆತ್ತರ ಇದೆ. ಹೊಗೆಗೆ ಕಣ್ಣು ಯಾವಾಗಲೂ ಕೆಂಪು.

ದಿನಬಳಕೆಗೆ ಅವಳಿಗಿರುವುದು ಎರಡೇ ಸೀರೆ. ಒಂದು ಮನೆಯದು, ಒಂದು ಗೋಧಿಯದು. ಗೋಧಿ ಸೀರೆ ಶಾಲೆಯ ಅಡುಗೆ ಚಪ್ಪರದ ಗಳುವಿನ ಮೇಲೇ ಇರುತ್ತದೆ, ಮನೆಯ ಹೊಸ್ತಿಲು ದಾಟುವುದಿಲ್ಲ. ಕೆಲಸ ಮುಗಿದ ಮೇಲೆ ಬೂದಿ, ಸೀಗೆಪುಡಿ ಹಚ್ಚಿ ಮೊಣಕೈವರೆಗೆ ಉಜ್ಜಿ, ಉಗುರಿನ ಸಂದಿಯನ್ನು ಬೇವಿನ ಕಡ್ಡಿಯಿಂದ ಕೆದಕಿ, ತಲೆಗೂ ನೀರು ಹೊಯ್ದುಕೊಂಡು, ಸೀರೆ ಬದಲಿಸಿ, ಆಮೇಲೆ ಮಗಳನ್ನು ಮುಟ್ಟುತ್ತಾಳೆ. ಬಾವಿಕಟ್ಟೆಯ ಹೆಂಗಸರಿಗೆ ಇದು ತಮಾಷೆ. "ಏನೇ ಮೂಕಿ, ಭಟ್ರ ಮನೆ ಮಡಿ ನಿಮ್ಮನೆಗೆ ಯಾವಾಗ ಬಂತೇ?" ಅಂತ ಕಾಲೆಳೆಯುತ್ತಾರೆ. ಮೂಕಮ್ಮ ಉಗುರಿನ ಸಂದಿ ಕೆದಕುತ್ತಲೇ ಇರುತ್ತಾಳೆ. ಭಟ್ಟರ ಮಡಿ ಕೆಟ್ಟರೆ ಇನ್ನೊಂದು ಸ್ನಾನ ಮಾಡಿದರಾಯಿತು. ಇವಳದು ಕೆಟ್ಟರೆ ಏನಾಗುತ್ತದೆ ಅಂತ ಇವಳೊಬ್ಬಳಿಗೇ ಗೊತ್ತು.

ಮೂಕಮ್ಮನ ತವರು ಸೊರಬ ತಾಲ್ಲೂಕಿನ ಕುಬಟೂರು. ಮದುವೆಯಾಗಿ ಶಿಕಾರಿಪುರ ತಾಲ್ಲೂಕಿನ ಈ ತಾಳಗುಂದಕ್ಕೆ ಬಂದಾಗ ಹದಿನೆಂಟು ವರ್ಷ. ಗಂಡ ಸಣ್ಣಪ್ಪ ಕಂಡವರ ಗದ್ದೆಯಲ್ಲಿ ಕೂಲಿಯಾಳು, ಮಾತು ಕಡಿಮೆ. ೧೯೬೮ರಲ್ಲಿ ಗಂಡು ಮಗು ಹುಟ್ಟಿತು. ಶಿಕಾರಿಪುರದ ದೇವರ ಹೆಸರೇ ಇರಲಿ ಅಂತ ಹುಚ್ಚರಾಯ ಎಂದು ಕರೆದರು. ಮರುವರ್ಷ ಶಾಲೆಯ ಉಪ್ಪಿಟ್ಟಿನ ಕೆಲಸ ಸಿಕ್ಕಿತು. ಮಿಕ್ಕಿದ ಉಪ್ಪಿಟ್ಟು ಅಡುಗೆಯವಳ ಪಾಲು ಅಂತ ಮೊದಲಿನಿಂದಲೂ ರೂಢಿ. ದಿನಾ ಒಂದು ಬೋಗುಣಿ ಮನೆಗೆ ತಂದು ಮಗನಿಗೆ ಮೆತ್ತಗೆ ಹಿಸುಕಿ ತಿನ್ನಿಸುತ್ತಿದ್ದಳು. ಅಲ್ಲಿಯವರೆಗೆ ಗುಂಡುಗುಂಡಗಿದ್ದ ಮಗು ಸೊರಗತೊಡಗಿತು. ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ. ದೃಷ್ಟಿ ತೆಗೆಸಿದರು, ಬಾಲಗ್ರಹ ಅಂತ ತಾಯಿತ ಕಟ್ಟಿಸಿದರು. "ತಿನ್ಸೋದು ಮಾತ್ರ ನಾ ಯಾವತ್ತೂ ಕಡಿಮೆ ಮಾಡ್ಲಿಲ್ಲ ರೀ. ಸೊರಗಿದಷ್ಟೂ ಇನ್ನೊಂದ್ ತುತ್ತು ಜಾಸ್ತಿ ಹಾಕ್ತಿದ್ದೆ."

ಕೊನೆಗೆ ಪೇಟೆಯ ಡಾಕ್ಟರೊಬ್ಬರಿಗೆ ತೋರಿಸಿದರು. ಭೇದಿ ನಿಲ್ಲುವವರೆಗೆ ನುಚ್ಚಿನ ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಅಂದರು ಅವರು. ಅವರು ಹೇಳಿದ್ದು ಅಕ್ಕಿ ನುಚ್ಚು. ಕುಬಟೂರಿನಲ್ಲಾದರೆ ನುಚ್ಚು ಅಂದರೆ ಅಕ್ಕಿಯದೇ, ಇನ್ನೊಂದು ಅರ್ಥವಿಲ್ಲ. ಆದರೆ ತಾಳಗುಂದದಲ್ಲಿ ಆ ಹೊತ್ತಿಗೆ ನುಚ್ಚು ಅಂದರೆ ಶಾಲೆಯ ನುಚ್ಚು, ಚೀಲದಲ್ಲಿ ಬರುವ ಗೋಧಿ. "ನಮ್ಮ ತವರಲ್ಲಿ ಅಕ್ಕಿ ನುಚ್ಚು ಕೋಳಿಗೆ ಹಾಕ್ತೀವಿ. ಅಷ್ಟು ಓದಿದ ದಾಕ್ಟ್ರು ಕೋಳಿಗೆ ಹಾಕೋದನ್ನ ಮಗೀಗೆ ಹಾಕು ಅಂತಾರಾ? ಶಕ್ತಿ ಬರ್ಲಿ ಅಂತ ಈ ನುಚ್ಚನ್ನೇ ಹೇಳ್ಯಾರೆ ಅಂದ್ಕಂಡೆ."

ಹೆಡ್ಮಾಸ್ಟರ್ ಸದಾಶಿವಪ್ಪನವರಿಗೂ ಹಾಗೆಯೇ ಅನ್ನಿಸಿತು. ಡಾಕ್ಟರೇ ಹೇಳಿದ ಮೇಲೆ ಇನ್ನೇನು ಅಂತ ಅವರೇ ಚೀಲ ಬಿಚ್ಚಿ ಅವಳ ಡಬ್ಬಿಗೆ ಎರಡು ಸೇರು ಸುರಿದುಕೊಟ್ಟರು. ಎರಡು ತಿಂಗಳು ಮೂಕಮ್ಮ ಮಗನಿಗೆ ಬೇರೇನೂ ಕೊಡಲಿಲ್ಲ. ಅನ್ನ ನಿಲ್ಲಿಸಿದಳು, ಹಾಲು ನಿಲ್ಲಿಸಿದಳು. ಪಥ್ಯ ಅಂದರೆ ಪಥ್ಯ. ಹೊತ್ತು ಹೊತ್ತಿಗೆ ಸರಿಯಾಗಿ ಗೋಧಿ ನುಚ್ಚಿನ ಗಂಜಿ ಕಾಯಿಸಿ, ಸೋಸಿ, ಆರಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸಿದಳು. ಹುಚ್ಚರಾಯ ೧೯೭೧ರ ಮಾಘದಲ್ಲಿ ತೀರಿಕೊಂಡ. ಮೂರು ವರ್ಷ ತುಂಬಿರಲಿಲ್ಲ.

ವನಜ ಹುಟ್ಟಿದ್ದು ಮರುವರ್ಷ. ಎರಡು ತುಂಬುವಷ್ಟರಲ್ಲಿ ಅವಳಿಗೂ ಅದೇ ಹೊಟ್ಟೆ, ಅದೇ ಭೇದಿ. ಈ ಸಲ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋದರು. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು, ಮಗುವಿಗೆ ಏನೇನು ತಿನ್ನಿಸುತ್ತೀರಿ ಅಂತ ಒಂದೊಂದಾಗಿ ಕೇಳಿದರು. ಮೂಕಮ್ಮ ನುಚ್ಚಿನ ಗಂಜಿ ಅಂದಳು. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ, "ಯಾವ ನುಚ್ಚು?" ಅಂದರು. ಎರಡೇ ಮಾತು. ಮೂರು ವರ್ಷ ಮುಂಚೆ ಯಾರ ಬಾಯಲ್ಲಾದರೂ ಈ ಎರಡು ಮಾತು ಬಂದಿದ್ದರೆ ಹುಚ್ಚರಾಯ ಈಗ ನಾಲ್ಕನೇ ಕ್ಲಾಸಿನಲ್ಲಿರುತ್ತಿದ್ದ. "ಗೋಧೀದು ಅಂದೆ. ಅವ್ರು ಎಲ್ಲ ಬಿಡಿಸಿ ಹೇಳಿದ್ರು. ಅವ್ರು ವನಜಂಗೆ ಏನಾಗೈತೆ ಅಂತ ಹೇಳ್ತಾ ಇದ್ರು. ನಂಗೆ ಮಾತ್ರ ನನ್ ರಾಯಂಗೆ ಏನಾಗಿತ್ತು ಅಂತಾನೇ ಕೇಳಿಸ್ತಾ ಇತ್ತು." ಇದನ್ನು ಹೇಳುವಾಗ ಮೂಕಮ್ಮ ಅಳುವುದಿಲ್ಲ. ಸಟ್ಟುಗದ ಹಿಡಿಯನ್ನು ಒರೆಸುತ್ತಾ ಕೂತಿರುತ್ತಾಳೆ.

ಗೋಧಿ ಬಿಡಿಸಿದ ಮೂರೇ ತಿಂಗಳಿಗೆ ವನಜಳ ಕೆನ್ನೆ ತುಂಬಿತು. ಆದರೆ ಗೋಧಿ ಬಿಡುವುದು ಅಂದರೆ ಬರೀ ಚಪಾತಿ ಬಿಟ್ಟರೆ ಮುಗಿಯುತ್ತದೆಯೇ? ಹಬ್ಬದ ಹೋಳಿಗೆ ಇಲ್ಲ, ಶಾವಿಗೆ ಇಲ್ಲ, ಅಂಗಡಿಯ ಬಿಸ್ಕತ್ತಿಲ್ಲ. ಹಿಟ್ಟಿನ ಗಿರಣಿಯ ರಾಗಿ ಹಿಟ್ಟೂ ಇಲ್ಲ, ಯಾಕೆಂದರೆ ಹಿಂದೆ ಬೀಸಿಸಿದವರ ಗೋಧಿ ಕಲ್ಲಿನಲ್ಲಿ ಕೂತಿರುತ್ತದೆ. ಒಮ್ಮೆ ಬರೀ ಸಾರನ್ನ ಉಂಡೂ ಭೇದಿಯಾದಾಗ ಮೂಕಮ್ಮ ತಲೆ ಕೆಟ್ಟು ಕೂತಳು. ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಹೇಳಿದ್ದು ಶಿರಾಳಕೊಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ನಜೀರ್ ಸಾಬ್. ಅವತ್ತಿನಿಂದ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ. ಭತ್ತ ಅಕ್ಕಿಯಾಗುವಾಗ ಬೀಳುವ ನುಚ್ಚನ್ನು ನಜೀರ್ ಸಾಬ್ ಅವಳಿಗಾಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆ ಎತ್ತಿಡುತ್ತಾರೆ. "ಆ ಡಬ್ಬಿಗೆ ಕೈ ಹಾಕಿದೋರನ್ನ ಗಿರಣಿ ಬೆಲ್ಟಿಗೆ ಕಟ್ತೀನಿ ಅಂತ ಹೇಳಿಟ್ಟೀನಿ" ಅಂತ ನಗುತ್ತಾರೆ.

ತವರಿಗೆ ಹೋಗುವುದಿದ್ದರೂ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕುಬಟೂರಿನ ಬಸ್ಸು ಕಾಯುವಾಗ ವನಜ ಗಾಜಿನ ಡಬ್ಬಿಯೊಳಗಿನ ಬನ್ನುಗಳನ್ನು ಬೆರಳು ಮಡಚಿ ಎಣಿಸುತ್ತಾಳೆ. ಬೇಕು ಅನ್ನುವುದಿಲ್ಲ. ಎಣಿಸಿ, "ಹದಿಮೂರು ಐತೆ ಅವ್ವಾ" ಅಂತ ಮಾತ್ರ ಹೇಳುತ್ತಾಳೆ. ಹಟ ಮಾಡಿದ್ದರೆ ಎರಡು ಏಟು ಹಾಕಿ ಸುಮ್ಮನಿರಿಸಬಹುದಿತ್ತು ಅನ್ನಿಸುತ್ತದಂತೆ ಮೂಕಮ್ಮನಿಗೆ.

ಮನೆಯೊಳಗಿನ ಕಾವಲೇ ಎಲ್ಲಕ್ಕಿಂತ ಕಷ್ಟ. ಅತ್ತೆ ಶೇಷಮ್ಮನಿಗೆ ಇದೊಂದೂ ತಲೆಗೆ ಹೋಗುವುದಿಲ್ಲ. ಬರಗಾಲದಲ್ಲಿ ಗೆಡ್ಡೆ ಅಗೆದು ತಿಂದು ಬದುಕಿದ ಮುದುಕಿ ಅವಳು. "ಅನ್ನ ಅಂದ್ರೆ ದೇವ್ರು ಕಣೇ. ದೇವ್ರು ವಿಷ ಆಗ್ತಾನಾ? ಎಲ್ಲ ಆ ದಾಕ್ಟ್ರಮ್ಮ ತಲೆಗೆ ತುಂಬಿದ್ದು" ಅನ್ನುತ್ತಿದ್ದಳು.

ಈ ಜೂನ್‌ನಲ್ಲಿ, ಅಂದರೆ ೧೯೭೮ರ ಜೂನ್‌ನಲ್ಲಿ, ವನಜಳನ್ನು ಒಂದನೇ ಕ್ಲಾಸಿಗೆ ಹಾಕಿದರು. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಅಂತಾರೆ. ವನಜ ಸಾಲಿನ ಮೊದಲಲ್ಲೇ ಕೂತಿದ್ದಳು, ಎಲ್ಲರ ಹಾಗೆ ತಟ್ಟೆ ಮುಂದಿಟ್ಟುಕೊಂಡು. ಬಡಿಸುವವಳು ಹೆತ್ತ ತಾಯಿ. ಆದರೆ ಸೌಟು ಅವಳ ತಟ್ಟೆಯ ಹತ್ತಿರವೂ ಬರದೆ ಪಕ್ಕದ ತಟ್ಟೆಗೆ ಹೋಯಿತು. ಮಕ್ಕಳು ಕಿಸಕ್ಕನೆ ನಕ್ಕವು. ವನಜ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಮನೆಯಿಂದ ತಂದ ರೊಟ್ಟಿಯ ಗಂಟು ಬಿಚ್ಚಿದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಉಪ್ಪಿಟ್ಟಿನ ಮೂಕಮ್ಮ ಗಂಡು ಹೋಗಿ ಹೆಣ್ಣು ಉಳಿದ ಸಿಟ್ಟಿಗೆ ಮಗಳಿಗೆ ಬಡಿಸುವುದಿಲ್ಲವಂತೆ. ಊರ ಬಾಯಿ ಮುಚ್ಚಲು ಯಾರಿಂದಾಗುತ್ತದೆ.

ಶ್ರಾವಣದಲ್ಲಿ ಮೂಕಮ್ಮನಿಗೆ ಜ್ವರ ಬಂತು. ಎರಡು ದಿನ ಏಳಲಾಗಲಿಲ್ಲ. ಶಾಲೆಯ ಅಡುಗೆಗೆ ಶೇಷಮ್ಮ ಹೋದಳು. ಬಡಿಸುವಾಗ ಮೊಮ್ಮಗಳ ತಟ್ಟೆಗೆ ಎಲ್ಲರಿಗಿಂತ ಒಂದು ಸೌಟು ಜಾಸ್ತಿಯೇ ಹಾಕಿದಳು, ಎರಡು ದಿನವೂ. ಮೂಕಮ್ಮನಿಗೆ ಗೊತ್ತಾದದ್ದು ಮೂರನೇ ದಿನ, ವನಜಳ ಹೊಟ್ಟೆ ಉಬ್ಬಿ ನೀರಿನಂಥ ಭೇದಿ ಶುರುವಾದ ಮೇಲೆ. "ಯಾಕೆ ತಿಂದೆ ಮಗಾ ಅಂದೆ. 'ಅವ್ವಾ, ಉಪ್ಪಿಟ್ಟು ಇಷ್ಟು ರುಚಿ ಇರ್ತದಾ' ಅಂತ ಕೇಳಿದ್ಲು."

ಹದಿನೇಳು ದಿನ ಹಾಸಿಗೆ. ನಾಲ್ಕು ವರ್ಷ ಕಷ್ಟಪಟ್ಟು ಹತ್ತಿಸಿದ ಮೈ ಹದಿನೇಳು ದಿನದಲ್ಲಿ ಇಳಿದುಹೋಯಿತು. ಇನ್ನೊಂದು ಸಲ ಹೀಗಾದರೆ ಈ ಮಗು ತಡೆದುಕೊಳ್ಳುತ್ತದೆ ಅಂತ ನಂಬಬೇಡಿ ಎಂದು ಶಿವಮೊಗ್ಗದ ಡಾಕ್ಟರಮ್ಮ ಎಚ್ಚರಿಸಿ ಕಳಿಸಿದ್ದಾರೆ. ಶೇಷಮ್ಮ ಮೊಮ್ಮಗಳ ಕಾಲ ಬುಡದಲ್ಲಿ ಕೂತು, ನನ್ನ ಕೈ ಸುಟ್ಟುಹೋಗಲಿ ಅಂತ ಅತ್ತಳು. ಮೂಕಮ್ಮ ಅತ್ತೆಯನ್ನು ಒಂದು ಮಾತೂ ಬೈಯಲಿಲ್ಲ. "ಏನಂತ ಬೈಲಿ? ಅವ್ರು ಎರಡು ದಿನ ಮಾಡಿದ್ದನ್ನ ನಾನು ಎರಡು ತಿಂಗ್ಳು ಮಾಡಿದ್ದೆನಲ್ಲ."

ಹೆಡ್ಮಾಸ್ಟರ್ ಸದಾಶಿವಪ್ಪನವರು ಇನ್ನೂ ಇದೇ ಶಾಲೆಯಲ್ಲಿದ್ದಾರೆ. ಹುಚ್ಚರಾಯನ ಮಾತು ಬಂದರೆ ಅವರು ಕನ್ನಡಕ ತೆಗೆದುಕೊಂಡು ಹೊರಗೆ ಹೋಗಿಬಿಡುತ್ತಾರೆ. ಕಳೆದ ವಾರ ಮೂಕಮ್ಮನನ್ನು ಕರೆದು, ಉಪ್ಪಿಟ್ಟಿನ ಕೆಲಸ ಬೇರೆಯವರಿಗೆ ಕೊಡೋಣ, ನೀನು ಕಸ ಗುಡಿಸಿ ನೀರು ತುಂಬಿಟ್ಟರೆ ಸಾಕು ಅಂದರು. "ದಿನಾ ಮಗಳ ತಟ್ಟೆ ದಾಟಿಸಿ ಬಡಿಸ್ತೀಯಲ್ಲ, ನನ್ ಕೈಲೇ ನೋಡೋಕಾಗಲ್ಲ ಮೂಕಮ್ಮ. ನೀನು ಹೆಂಗೆ ತಡ್ಕಂತೀಯೋ." ಗೋಧಿ ಮುಟ್ಟುವ ಗೋಳಿಲ್ಲ, ದಿನಕ್ಕೆರಡು ಸ್ನಾನದ ಕಾಟವಿಲ್ಲ, ಊರವರ ಮಾತಿಲ್ಲ. ಯಾರಾದರೂ ಕೈ ಮುಗಿದು ಒಪ್ಪಿಕೊಳ್ಳುವ ಮಾತು. ಮೂಕಮ್ಮ ಒಲ್ಲೆ ಅಂದಳು.

ಮಧ್ಯಾಹ್ನ ಒಂದಕ್ಕೆ ಗಂಟೆ ಬಾರಿಸುತ್ತದೆ. ಮಕ್ಕಳು ಜಗಲಿಯ ಉದ್ದಕ್ಕೂ ಸಾಲಾಗಿ ಕೂರುತ್ತವೆ. ನಡುವೆ ವನಜ, ಕತ್ತಿನ ಎಲುಬು ಇನ್ನೂ ಎದ್ದು ಕಾಣುತ್ತದೆ. ಮೂಕಮ್ಮ ಬಕೆಟ್ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಾ ಬರುತ್ತಾಳೆ. ಮಗಳ ಹತ್ತಿರ ಬಂದಾಗ ಗೋಧಿ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಒಂದು ಮೊಳ ಆಚೆ ಸರಿದು ದಾಟುತ್ತಾಳೆ. ಅವಳ ಮುಖ ನೋಡುವುದಿಲ್ಲ. ಕೊನೆಯ ತಟ್ಟೆ ತುಂಬಿಸಿ, ಬಕೆಟ್ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ಕಂಬಕ್ಕೆ ಒರಗುತ್ತಾಳೆ.

"ನಂಗೇನ್ ಆಸೆ ಇರ್ತದೆ ರೀ. ಇವ್ಳು ಏಳನೇ ಕ್ಲಾಸ್ ಮುಗಿಸಿ ಈ ಜಗಲಿ ಇಳಿಯೋವರೆಗೂ ಈ ಸೌಟು ನನ್ ಕೈಲೇ ಇರ್ಲಿ. ನಂಗೆ ಜ್ವರಗಿರ ಬರ್ದಂಗಿರ್ಲಿ. ಬೇರೆ ಯಾರು ಬಂದು ನಿಂತ್ರೂ ಪಾಪ ಅಂತ ಒಂದ್ ತುತ್ತು ಹಾಕೇ ಹಾಕ್ತಾರೆ. ಹಾಕ್ದೇ ಇರಾಕೆ ನಾನೇ ಬೇಕು."