ಗೋಡೆ ಎಂಬ ಕಾರು ದಲ್ಲಾಳಿ

ಕಾರು ಕೊಳ್ಳಲು ದಲ್ಲಾಳಿ ಬೇಕೋ ಬೇಡವೋ ಎಂದು ನನ್ನನ್ನು ಕೇಳುವವರು ಬಹಳ ಜನ. ನಾನು ಕಾರಿನ ಸೀಟುಗಳಿಗೆ ಕವರು ಹೊಲಿಯುವವಳು. ಅಂಗಡಿಯ ಎದುರಿಗೇ, ರಸ್ತೆಯ ಆಚೆ, ಹಳೆ ಕಾರು ಮಾರುವ ಮೈದಾನ. ಅಲ್ಲಿ ಕೈ ಬದಲಾಯಿಸಿದ ಕಾರು ನೇರ ನನ್ನ ಬಾಗಿಲಿಗೆ ಬರುತ್ತದೆ. ಹಳೆಯವರ ಬೆವರು ಕುಡಿದ ಬಟ್ಟೆ ಬಿಚ್ಚಿ ಹೊಸದು ತೊಡಿಸುತ್ತೇನೆ. ಗಿರಾಕಿ ಸ್ಟೂಲಿನ ಮೇಲೆ ಕುಳಿತು ಹಲ್ಲು ಕಿರಿಯುತ್ತಾ, "ಅಲ್ಲಕ್ಕಾ, ನೇರವಾಗಿ ತಗೊಂಡಿದ್ರೆ ಏನಾಗ್ತಿತ್ತು? ಸುಮ್ನೆ ಆ ದಲ್ಲಾಳಿ ಹೊಟ್ಟೆ ತುಂಬಿಸ್ದೆ" ಎನ್ನುತ್ತಾನೆ. ಆಗ ಕೈಯಲ್ಲಿರುವ ದಬ್ಬಳವನ್ನು ಅವನ ತೊಡೆಗೆ ಚುಚ್ಚಿಬಿಡಬೇಕು ಅನ್ನಿಸುತ್ತದೆ. ಚುಚ್ಚುವುದಿಲ್ಲ. ದಾರ ಕಡಿದು ಪಕ್ಕಕ್ಕಿಟ್ಟು ನನ್ನ ತಮ್ಮನ ಕಥೆ ಹೇಳುತ್ತೇನೆ.

ಮೈದಾನದಲ್ಲಿ ಅವನನ್ನು ಎಲ್ಲರೂ ಗೋಡೆ ಎಂದು ಕರೆಯುತ್ತಿದ್ದರು. ಗೋಡೆಗೂ ಕಿವಿ ಇರುತ್ತದೆ ಅಂತಾರಲ್ಲ, ಇವನಿಗೆ ಕಿವಿ ಮಾತ್ರ ಇತ್ತು. ಅವನ ಕೆಲಸದ ರೀತಿಯೇ ಹಾಗೆ. ಮಾರುವವನನ್ನು ಈ ಕಡೆಯ ಚಹದಂಗಡಿಯಲ್ಲಿ ಕೂರಿಸುತ್ತಿದ್ದ, ಕೊಳ್ಳುವವನನ್ನು ಆ ಕಡೆಯ ಮರದ ಕೆಳಗೆ ನಿಲ್ಲಿಸುತ್ತಿದ್ದ. ಇಬ್ಬರ ಮಧ್ಯೆ ಇವನ ಓಡಾಟ. ಕೊಳ್ಳುವವನು, "ಯಾವ ಕತ್ತೆ ಓಡಿಸಿದ್ದು ಇದನ್ನ? ತಿಪ್ಪೆಗೆ ಎಸೆಯೋ ಡಬ್ಬ ಇದು" ಅಂತ ಬೈಯುತ್ತಿದ್ದ. ತಮ್ಮ ತಲೆಯಾಡಿಸಿಕೊಂಡು ಈ ಕಡೆ ಬಂದು, "ಅಣ್ಣಾ, ಗಾಡಿ ಇಷ್ಟ ಆಗಿದೆ, ಸ್ವಲ್ಪ ನೋಡಿ ಹೇಳಿ ಅಂತಿದಾರೆ" ಅನ್ನುತ್ತಿದ್ದ. "ಅವನಪ್ಪ ಕಂಡಿದ್ನಾ ಕಾರು?" ಎಂದು ಮಾರುವವನು ಉಗಿದರೆ, ತಮ್ಮ ಮರದ ಕೆಳಗೆ ಹೋಗಿ, "ಯೋಚನೆ ಮಾಡ್ತಾರಂತೆ" ಎನ್ನುತ್ತಿದ್ದ. ಬೈಗುಳವೆಲ್ಲ ಎಲ್ಲಿ ಹೋಯಿತು? ಅವನ ಹೊಟ್ಟೆಗೆ. ಸಂಜೆ ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. "ಹೊಟ್ಟೆ ತುಂಬಿದೆ ಕಣಕ್ಕಾ" ಎಂದು ನಗುತ್ತಿದ್ದ.

ಎಡಗಣ್ಣು ಹೋದದ್ದು ಆ ಮೈದಾನದಲ್ಲೇ. ಕೊಂಡವನೊಬ್ಬ ಕಾರು ಒಂದು ಸುತ್ತು ಓಡಿಸಿ ಬಂದವನೇ, ಇಂಜಿನ್ನು ಹೊಗೆ ಕಾರಿತು ಎಂದು ಚಹದಂಗಡಿಗೆ ನುಗ್ಗಿದ. ಮಾರಿದವನು ಬಿಸಿ ಚಹ ಅವನ ಮುಖಕ್ಕೆ ಎರಚಿದ. ಇಬ್ಬರ ನಡುವೆ ನನ್ನ ತಮ್ಮ ಕೈ ಅಗಲಿಸಿ ನಿಂತ. ಸುಟ್ಟ ಮುಖದವನು ಕೀಲಿಗೊಂಚಲನ್ನು ಬೀಸಿ ಎಸೆದ. ಅದು ಮಾರಿದವನಿಗೆ ತಾಗಬೇಕಿತ್ತು. ನಾನು ಅಂಗಡಿಯಿಂದ ಓಡಿಹೋಗಿ ನೋಡುವಾಗ ತಮ್ಮನ ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಹೊಡೆದಾಡಿದವರಿಬ್ಬರೂ ಪಕ್ಕಪಕ್ಕ ನಿಂತು, "ಅಯ್ಯೋ ಪಾಪ" ಎನ್ನುತ್ತಿದ್ದರು. ಒಬ್ಬೊಬ್ಬರ ಕಪಾಳಕ್ಕೂ ಬಾರಿಸಿದೆ. ಇವತ್ತಿಗೂ ಆ ಏಟಿನ ಬಗ್ಗೆ ನನಗೆ ಬೇಜಾರಿಲ್ಲ.

"ಉಳಿದಿರೋದು ಒಂದೇ, ಜೋಪಾನ" ಎಂದರು ಡಾಕ್ಟರು. ಅಮ್ಮ ಹೋದ ಮೇಲೆ ನಾನೇ ತುತ್ತಿಟ್ಟು ಸಾಕಿದ ಹುಡುಗ ಅವನು. ಅವನ ಕೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡು, ಇನ್ನು ಆ ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿಸಿದೆ. ಅಂಗಡಿಯಲ್ಲಿ ಸ್ಪಂಜು ಕತ್ತರಿಸಲು ಕೂರಿಸಿದೆ. ತಲೆ ಓರೆ ಮಾಡಿಕೊಂಡು ಕತ್ತರಿಸುತ್ತಿದ್ದ. ಎದುರಿಗೆ ಮೈದಾನದಲ್ಲಿ ಗಲಾಟೆಯ ಸದ್ದು ಕೇಳಿದರೆ ಸಾಕು, ಅವನ ಕಾಲು ಹೊಸಿಲಿನ ಕಡೆ ಹೋಗುತ್ತಿತ್ತು, ನನ್ನ ಕೈ ಅವನ ಕಾಲರಿನ ಕಡೆ. ಆ ಒಂದು ಕಣ್ಣನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ.

ಹೀಗಿರುವಾಗ ನಮ್ಮ ಮನೆಯವರಿಗೆ ಸ್ವಂತ ಕಾರಿನ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ತಪ್ಪು, ಆಸೆ ನ್ಯಾಯವಾದದ್ದೇ. ಮೀಸೆ ಬಂದಾಗಿನಿಂದ ಬೇರೆಯವರ ಕಾರು ಓಡಿಸಿದವರು. ಬೇರೆಯವರ ಮಕ್ಕಳು ಹಿಂದೆ ಕುಳಿತು ವಾಂತಿ ಮಾಡಿದ್ದನ್ನು ತೊಳೆದವರು. ಒಳ್ಳೆಯ ಚಾಲಕ, ಆದರೆ ನಾಲಿಗೆಗೆ ಬ್ರೇಕಿಲ್ಲ. ಕೋಪ ಬಂದರೆ ಕೈಗೂ ಇಲ್ಲ.

"ಬಾಮೈದನೇ ದಲ್ಲಾಳಿ ಆಗಿರುವಾಗ ನಂಗೇನು ಚಿಂತೆ?" ಎಂದರು ಒಂದು ಸಂಜೆ.

ನಾನು ಕತ್ತರಿ ಎತ್ತಿದೆ. "ಅವನನ್ನ ಕರ್ಕೊಂಡು ಹೋಗಿ ನೋಡಿ, ನಿಮ್ಮ ಕಾಲು ಮುರೀದಿದ್ರೆ ಕೇಳಿ."

"ಆಯ್ತು ತಾಯಿ, ಕತ್ತರಿ ಕೆಳಗಿಡು. ಬೇರೆ ದಲ್ಲಾಳೀನ ನಾನಂತೂ ಹಿಡಿಯಲ್ಲ. ಕಾರಿನ ಕರುಳು ಬಲ್ಲೋನು ನಾನು, ನಂಗೆ ಯಾವನು ಏನು ಹೇಳಿಕೊಡ್ತಾನೆ?"

ಅಲ್ಲಿಗೆ ತೀರ್ಮಾನವಾಯಿತು, ದಲ್ಲಾಳಿ ಬೇಡ. ನನಗೂ ಅದೇ ಬೇಕಿತ್ತು. ಗೇಟು ಕಿಟಕಿ ಮಾಡುವ ಒಬ್ಬ ವೆಲ್ಡರ್ ಮನೆಯಲ್ಲಿ ಕಾರಿದೆ ಎಂದು ಯಾರೋ ಹೇಳಿದ್ದರು. ನಾವು ಹೊರಡುವ ಹೊತ್ತಿಗೆ ತಮ್ಮ ಸ್ಪಂಜಿನಿಂದ ತಲೆಯೆತ್ತಿದ.

"ಯಾಕೆ ಮಾರ್ತಾರಂತೆ ಭಾವ?"

"ಅದನ್ನ ಕಟ್ಕೊಂಡು ನಂಗೇನಾಗ್ಬೇಕೋ?"

"ಕೇಳ್ಬೇಕು ಭಾವ. ಅವರನ್ನಲ್ಲ, ಅಕ್ಕಪಕ್ಕದೋರನ್ನ. ನಾನು ಬರ್ಲಾ?"

"ನೀನು ಬಾಯಿ ಮುಚ್ಕೊಂಡು ಸ್ಪಂಜು ಕೊಯ್ಯಿ" ಎಂದೆ ನಾನು.

"ಹಾಗಾದ್ರೆ ಅಲ್ಲಿ ಗಾಡೀನ ಬೈಬೇಡಿ ಭಾವ. ಬಾಯಿ ತುರಿಸಿದ್ರೆ ಇಲ್ಲಿಗೆ ಬಂದು ನನ್ನ ಬೈಯಿರಿ."

ನಮ್ಮ ಮನೆಯವರು ಜೋರಾಗಿ ನಕ್ಕರು. ನಾನೂ ನಕ್ಕೆ.

ವೆಲ್ಡರ್ ಮನೆಯ ಮುಂದೆ ಒಂದು ಅಂಗಳ. ಅರ್ಧ ಆದ ಗೇಟುಗಳು ಗೋಡೆಗೆ ಒರಗಿದ್ದವು. ನೆಲದ ತುಂಬ ಕತ್ತರಿಸಿದ ಕಬ್ಬಿಣದ ತುಂಡುಗಳು, ಪೈಪುಗಳು. ಮನುಷ್ಯ ಬಾಗಿಲಿನಷ್ಟು ಅಗಲ. ಮೊಣಕೈವರೆಗೆ ಕಿಡಿ ಸುಟ್ಟ ಕಲೆಗಳು. ತಾಡಪಾಲು ಎಳೆದು ಕಾರು ತೋರಿಸಿದ. ಕಿಟಕಿಯ ಸರಳಿನ ಹಿಂದೆ ಅವನ ಹೆಂಡತಿ ನಿಂತಿದ್ದಳು. ನಮ್ಮನ್ನು ನೋಡುತ್ತಿರಲಿಲ್ಲ, ಕಾರನ್ನು ನೋಡುತ್ತಿದ್ದಳು. ಆಗಲಾದರೂ ನನಗೆ ಹೊಳೆಯಬಾರದಿತ್ತೇ? ನಾನು ನೋಡಿದ್ದು ಸೀಟಿನ ಹೊಲಿಗೆಯನ್ನು.

ಕೊಳ್ಳುವವನು ಮಾಲನ್ನು ಹಳಿಯಬೇಕು, ಅದು ವ್ಯಾಪಾರದ ಮರ್ಯಾದೆ. ಕಾರು ಚೆನ್ನಾಗಿದೆ ಎಂದು ಯಾವ ಗಿರಾಕಿಯೂ ಹೇಳುವುದಿಲ್ಲ. ನಮ್ಮ ಮನೆಯವರು ಬಾನೆಟ್ಟಿಗೆ ಗುದ್ದಿ, "ತಗಡು" ಎಂದರು. ವೆಲ್ಡರ್ ಕೀಲಿ ಚಾಚಿದ. ಸ್ಟಾರ್ಟು ಮಾಡಿ ಅಂಗಳದಲ್ಲೇ ಹಿಂದಕ್ಕೆ ಮುಂದಕ್ಕೆ ಆಡಿಸಿದರು. ಸುಟ್ಟ ವಾಸನೆ ಬಂತು. ಇಳಿದು ಬಾಗಿಲು ದಡಾರನೆ ಹಾಕಿದರು.

"ಕ್ಲಚ್ಚು ಪೂರಾ ತಿಂದು ಹಾಕಿದಾನೆ. ಯಾವನ್ರೀ ಓಡಿಸಿದ್ದು? ಅವನಿಗೆ ಕಾಲು ನೆಟ್ಟಗಿರ್ಲಿಲ್ವಾ? ಅಂಥೋನ ಕೈಗೆ ಕಾರು ಯಾಕೆ ಕೊಡ್ತೀರಿ, ತಳ್ಳುಗಾಡಿ ಕೊಡಿ!"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ಮನೆ ಕೆಡಲು ಆ ಒಂದು ಮಾತು ಸಾಕಾಯಿತು.

ವೆಲ್ಡರ್ ನಮ್ಮವರ ಕತ್ತು ಹಿಡಿದು ಮುಖವನ್ನು ಬಾನೆಟ್ಟಿಗೆ ಅಪ್ಪಳಿಸಿದ. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ಮತ್ತೆ ಎತ್ತಿ ಮತ್ತೆ ಅಪ್ಪಳಿಸಿದ. ನಾನು ಅವನ ಬೆನ್ನ ಮೇಲೆ ಬಿದ್ದು ತೋಳಿಗೆ ಹಲ್ಲೂರಿದೆ. ಬಾಯಿಗೆ ಉಪ್ಪು ಬರುವವರೆಗೆ ಕಚ್ಚಿದೆ. ಅವನು ಒಮ್ಮೆ ಮೈ ಕೊಡವಿದ್ದಕ್ಕೆ ನಾನು ಗೇಟುಗಳ ಮೇಲೆ ಹೋಗಿ ಬಿದ್ದೆ, ಗೇಟು ನನ್ನ ಮೇಲೆ ಬಿತ್ತು. ನಮ್ಮವರು ಸುಮ್ಮನಿರುವ ಪೈಕಿಯೇ? ಮೂಗಿನಿಂದ ರಕ್ತ ಸುರಿಸುತ್ತಲೇ ಅವನ ತೊಡೆಸಂದಿಗೆ ಒದ್ದರು, ಬಿದ್ದವನ ಪಕ್ಕೆಗೆ ಒದ್ದರು. ಅವನು ಎದ್ದು ನಿಂತಾಗ ಕೈಯಲ್ಲಿ ಪೈಪು ಇತ್ತು. ಕಿಟಕಿಯ ಹೆಂಗಸು ಚೀರುತ್ತಿದ್ದಳು. ನಾನು ಗೇಟಿನ ಕೆಳಗೆ ಸಿಕ್ಕಿಕೊಂಡು, ಇವತ್ತು ನನ್ನ ತಾಳಿ ಹೋಯಿತು ಎಂದುಕೊಂಡೆ.

ಆಗ ತಮ್ಮ ಒಳಗೆ ಬಂದ.

ನಾವು ಹೊರಟ ಮೇಲೆ ಅವನಿಗೆ ಕುಳಿತಲ್ಲಿ ಕೂರಲಾಗಿರಲಿಲ್ಲ. ಆಣೆ ಮಾಡಿದ್ದು ಮೈದಾನಕ್ಕೆ ಹೋಗಬಾರದೆಂದು, ವೆಲ್ಡರ್ ಬೀದಿಗಲ್ಲವಲ್ಲ! ಬೀದಿಯ ತುದಿಯ ಕ್ಷೌರದಂಗಡಿಗೆ ಹೋಗಿ ತನ್ನ ಪ್ರಶ್ನೆ ಕೇಳಿದ್ದಾನೆ, ಯಾಕೆ ಮಾರ್ತಾರೆ ಎಂದು. ಕ್ಷೌರಿಕ ಹೇಳಿದ್ದಾನೆ. ವೆಲ್ಡರಿಗೆ ಒಬ್ಬನೇ ಮಗ. ಹುಟ್ಟುವಾಗಲೇ ಎಡಗಾಲು ಸೊಟ್ಟ. ಗೆಳೆಯರೆಲ್ಲ ಓಡುವಾಗ ಕುಳಿತು ನೋಡುತ್ತಿದ್ದವನಿಗೆ ಅಪ್ಪ ಕಾರು ತಂದುಕೊಟ್ಟು, ಆ ಕಾಲಿಗೆ ಎಟುಕುವ ಹಾಗೆ ಕ್ಲಚ್ಚಿನ ಪೆಡಲ್ಲಿಗೆ ತಾನೇ ಕಬ್ಬಿಣ ಬೆಸೆದಿದ್ದ. ಹುಡುಗ ಜ್ವರ ಬಂದು ತೀರಿಕೊಂಡ. ತಾಯಿ ದಿನಾ ಹೋಗಿ ಆ ಸೀಟಿನಲ್ಲಿ ಕೂರುತ್ತಾಳೆ, ಅನ್ನ ನೀರು ಬಿಟ್ಟು. ಕಾರು ಕಣ್ಮುಂದೆ ಇರುವವರೆಗೆ ಅವಳು ಏಳುವುದಿಲ್ಲ ಎಂದು ಅಪ್ಪ ಮಾರಲು ಹೊರಟಿದ್ದ. ಇದನ್ನು ಕೇಳಿದ್ದೇ ತಡ, ತಮ್ಮ ಓಡಿ ಬಂದಿದ್ದಾನೆ.

ಬಂದವನು ಪೈಪಿಗೂ ನಮ್ಮವರಿಗೂ ಮಧ್ಯೆ ನಿಂತ. ಕೈ ಎತ್ತಲಿಲ್ಲ, ಎರಡೂ ಕೈ ಕೆಳಗೆ ಬಿಟ್ಟಿದ್ದ.

"ನೀನ್ಯಾವನೋ?" ಎಂದ ವೆಲ್ಡರ್.

"ದಲ್ಲಾಳಿ, ಅಣ್ಣಾ. ಇವರು ಆಡಿದ ಮಾತು ನಾನು ಹೇಳಿಕೊಟ್ಟಿದ್ದು. ಹಾಗೆ ಬೈದ್ರೆ ಕಮ್ಮಿಗೆ ಸಿಗುತ್ತೆ ಅಂದಿದ್ದೆ. ಇವರಿಗೆ ನಿಮ್ಮ ಹುಡುಗನ ವಿಷಯ ಗೊತ್ತಿಲ್ಲ. ಹೊಡಿಯೋದಾದ್ರೆ ನನಗೆ ಹೊಡೀರಿ."

ಎಂಥಾ ಸುಳ್ಳು! ನಾನು ಗೇಟಿನ ಕೆಳಗಿಂದಲೇ, "ಕಣ್ಣು, ಅವನ ಕಣ್ಣು!" ಎಂದು ಕಿರುಚಿದೆ. ಪೈಪು ಬಂತು, ಭುಜಕ್ಕೆ. ಮೂಳೆ ಲಟಕ್ಕೆಂದಿತು. ತಮ್ಮ ಒಂದು ಸಲ ಬಾಗಿ ಮತ್ತೆ ನೆಟ್ಟಗಾದ.

"ನಮ್ಮಿಂದ ತಪ್ಪಾಯ್ತಣ್ಣಾ. ಹುಡುಗ ಕಾರನ್ನ ಚೆನ್ನಾಗಿಟ್ಕೊಂಡಿದ್ದ."

ವೆಲ್ಡರನ ಕೈಯಿಂದ ಪೈಪು ಜಾರಿ ಕಬ್ಬಿಣದ ರಾಶಿಯ ಮೇಲೆ ಠಣಾರನೆ ಬಿತ್ತು. ಆ ಬೆಟ್ಟದಂಥ ಮನುಷ್ಯ ಕುಕ್ಕರುಗಾಲಿನಲ್ಲಿ ಕುಸಿದು, ಎರಡೂ ಕೈಯಿಂದ ತಲೆ ಚಚ್ಚಿಕೊಂಡು ಅಳತೊಡಗಿದ.

ಅಲ್ಲಿಗೆ ಮುಗಿಯಬೇಕಿತ್ತು. ಒಂದು ಕಡೆಯವನು ತಣ್ಣಗಾದ ಮೇಲೆ ದಲ್ಲಾಳಿಯಾದವನು ಇನ್ನೊಂದು ಕಡೆಗೆ ತಿರುಗಬೇಕಲ್ಲ, ಅದು ಅವನ ಕಸುಬು. ನಮ್ಮ ಮನೆಯವರಿಗೆ ಕಣ್ಣಿನ ತುಂಬ ರಕ್ತ. ಪೈಪು ಬಿದ್ದ ಸದ್ದು ಅವರಿಗೆ ಇನ್ನೊಂದು ಏಟಿನ ಸದ್ದಾಗಿ ಕೇಳಿಸಿತೋ, ಅಥವಾ ಅವರ ಸಿಟ್ಟಿಗೆ ಏನೂ ಕೇಳಿಸಲೇ ಇಲ್ಲವೋ. ನೆಲದಿಂದ ಒಂದು ಕಬ್ಬಿಣದ ತುಂಡನ್ನು ಬಾಚಿ ವೆಲ್ಡರ್ ಕಡೆ ಬೀಸಿ ಎಸೆದರು. ತಮ್ಮ, "ಭಾವ, ಆಯ್ತು ಬಿಡಿ" ಎನ್ನುತ್ತ ತಿರುಗಿದ. ಎಡಕ್ಕೆ ತಿರುಗಿದ, ಕಾಣದ ಕಣ್ಣಿನ ಕಡೆಯಿಂದ. ಕಾಣುವ ಕಣ್ಣು ಸುತ್ತಿ ಬರುವ ಹೊತ್ತಿಗೆ ಕಬ್ಬಿಣ ಬಂದಾಗಿತ್ತು.

ಅವನು ಕೂಗಲಿಲ್ಲ. ಮೊದಲ ಸಲ ಕೂಗಿದ್ದ, ಈ ಸಲ ಇಲ್ಲ. ಗೇಟನ್ನು ಹೇಗೆ ಎತ್ತಿದೆನೋ, ಹೇಗೆ ಹೋದೆನೋ ನನಗೆ ಗೊತ್ತಿಲ್ಲ. ಅವನ ಮುಖವನ್ನು ಎದೆಗೆ ಒತ್ತಿಕೊಂಡರೆ ನನ್ನ ಸೀರೆಯೆಲ್ಲ ಬಿಸಿಯಾಯಿತು.

ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಓಡಿಸಿದ್ದು ವೆಲ್ಡರ್. ದಾರಿಯುದ್ದಕ್ಕೂ ಕ್ಲಚ್ಚು ಸುಟ್ಟ ವಾಸನೆ. ತಮ್ಮನ ತಲೆ ನನ್ನ ತೊಡೆಯ ಮೇಲೆ. ಮುಂದಿನ ಸೀಟಿನಲ್ಲಿ ನಮ್ಮ ಮನೆಯವರು, ಕಬ್ಬಿಣ ಎಸೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಅವರ ಬೆನ್ನಿಗೆ ಬೈದೆ, ಗೊತ್ತಿಲ್ಲದ್ದನ್ನೂ ಬೈದೆ. "ನನ್ನ ಬೈಯಕ್ಕಾ" ಎಂದ ತಮ್ಮ, "ಅವರನ್ನ ಬೈಬೇಡ."

ಕಣ್ಣು ಉಳಿಯಲಿಲ್ಲ.

ಆ ಕಾರು ಮಾರಾಟವಾಗಲಿಲ್ಲ. ವೆಲ್ಡರ್ ಆಗಾಗ ಅಂಗಡಿಗೆ ಬಂದು ತಮ್ಮನ ಪಕ್ಕ ಕುಳಿತುಕೊಂಡು ಎದ್ದು ಹೋಗುತ್ತಾನೆ. ನಮ್ಮ ಮನೆಯವರು ಸ್ವಂತ ಕಾರಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಈಗಲೂ ಬೇರೆಯವರ ಕಾರನ್ನೇ ಓಡಿಸುತ್ತಾರೆ.

ಗಿರಾಕಿಗಳು ಇಲ್ಲಿಗೆ ಬಂದಾಗ ಮೂಲೆಯಲ್ಲಿ ಸ್ಪಂಜು ಸವರುತ್ತ ಕುಳಿತವನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸುತ್ತಾರೆ. ದಲ್ಲಾಳಿ ಬೇಕು ಕಣಪ್ಪಾ ಎನ್ನುತ್ತೇನೆ ನಾನು. ಅವನು ಬೇಕಾಗಿರುವುದು ಕಾರು ನೋಡುವುದಕ್ಕಲ್ಲ. ಕಾರು ಯಾರು ಬೇಕಾದರೂ ನೋಡುತ್ತಾರೆ.

ಗಿರಾಕಿಗಳಿಗೆ ಹೇಳದೆ ಬಿಡುವ ಒಂದು ಮಾತಿದೆ. ಅವತ್ತಿನಿಂದ ನಾನು ನಮ್ಮ ಮನೆಯವರ ಜೊತೆ ಮಾತಾಡುವುದಿಲ್ಲ. ಬಿಟ್ಟು ಹೋಗಿಲ್ಲ, ಅವರನ್ನು ಹೊರಗೆ ಹಾಕಿಯೂ ಇಲ್ಲ. ಒಂದೇ ಮನೆ, ಒಂದೇ ಒಲೆ. ನಾನು ಒಲೆಯ ಮುಂದೆ, ಅವರು ಬಾಗಿಲ ಹತ್ತಿರ, ಮಧ್ಯೆ ಗೋಡೆಗೆ ಒರಗಿ ತಮ್ಮ. ಮನೆ ಅಂದರೆ ಅಂಗೈಯಗಲ, ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತದೆ. ಆದರೂ ನಾನು ತಮ್ಮನಿಗೇ ಹೇಳುತ್ತೇನೆ.

"ಹೇಳೋ ಅವರಿಗೆ, ಆ ಕೈ ಕೊಳೆತು ಬಿದ್ದು ಹೋಗ್ಲಿ ಅಂತ."

ತಮ್ಮ ಬಾಗಿಲ ಕಡೆ ಮುಖ ತಿರುಗಿಸುತ್ತಾನೆ. "ಭಾವ, ಊಟಕ್ಕೆ ಬರ್ಬೇಕಂತೆ."

ಅವರು ಅಲ್ಲೇ ನಿಂತಿರುತ್ತಾರೆ. "ನನ್ನ ಕಣ್ಣು ಎರಡೂ ಕಿತ್ತು ಅವಳ ಮುಂದೆ ಇಟ್ಬಿಡ್ಲಾ, ಆಗಲಾದ್ರೂ ಮಾತಾಡ್ತಾಳಾ ಕೇಳೋ."

ತಮ್ಮ ನನ್ನ ಕಡೆ ತಿರುಗುತ್ತಾನೆ.

"ಕೈ ತೊಳ್ಕೊಂಡು ಬರ್ತಾರಂತೆ ಅಕ್ಕಾ."