ಭಾವನ ಕಾರಿನ ಎಂಜಿನ್

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನಾನು ಹುಟ್ಟುವಾಗಲೇ ಕಲಿತು ಬಂದವನು. ಒಂದು ಅಂಗಡಿಯ ಬೆಲ್ಲವನ್ನು ಇನ್ನೊಂದು ಅಂಗಡಿಯಲ್ಲಿ ತೂಗಿಸಿ ನೋಡುವ ಜಾತಿ. ಊರಲ್ಲಿ ಇದಕ್ಕಾಗಿ ನನ್ನನ್ನು ಆಡಿಕೊಳ್ಳದವರಿಲ್ಲ. ಅಂಥವನಿಗೆ, ಯುದ್ಧದ ಕಾಲದಲ್ಲಿ, ಕೆಟ್ಟು ನಿಂತ ಕಾರಿನ ಎಂಜಿನ್ನನ್ನು ಸ್ವಂತ ಭಾವನಿಂದಲೇ ಕೊಳ್ಳುವ ಯೋಗ ಬಂತು.

ಮಧುಗಿರಿಯಿಂದ ಕೊರಟಗೆರೆ, ಹೊಳವನಹಳ್ಳಿಗೆ ಹೋಗುತ್ತಿದ್ದ ನನ್ನ ಒಂದೇ ಒಂದು ಬಸ್ಸಿನ ಎಂಜಿನ್ ಮುರಿದುಹೋಗಿತ್ತು. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲೇ ಬಸ್ಸು ಓಡಿಸುತ್ತಿದ್ದ ದಿನಗಳವು. ಹೊಸ ಎಂಜಿನ್ ಎಲ್ಲಿಂದ ತರುವುದು? ಶಿರಾದಲ್ಲಿ ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದ ಭಾವ, ಅಂದರೆ ನಮ್ಮಕ್ಕನ ಗಂಡ, ಹೇಳಿ ಕಳಿಸಿದರು: ತಮ್ಮ ಕಾರಿನ ಎಂಜಿನ್ ಗೋದಾಮಿನಲ್ಲಿದೆ, ಬಿಚ್ಚಿ ಕಟ್ಟಿಸಿಕೊಂಡರೆ ಬಸ್ಸಿಗೆ ಒಗ್ಗುತ್ತದೆ.

ನನಗೆ ಹೆದರಿಕೆಯಾಯಿತು. ಭಾವ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು. ಅವರು ಮಾರಿದ ಎತ್ತು ಕುಂಟುತ್ತದೆ ಎಂದನೆಂದು ಒಡಹುಟ್ಟಿದ ತಮ್ಮನ ಮುಖವನ್ನೇ ನೋಡುವುದು ಬಿಟ್ಟಿದ್ದರು. ಎಂಜಿನ್ ಬೇಡವೆಂದರೆ ನನಗೂ ಅದೇ ಗತಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಆ ಮನೆಯ ಬಾಗಿಲು ಮುಚ್ಚಿದರೆ ನನಗೆ ಹೋಗಲು ಇನ್ನೊಂದು ಮನೆಯಿರಲಿಲ್ಲ.

ಭಾವನ ಮನೆಗೆ ಹೊಂದಿಕೊಂಡ ಗೋದಾಮಿನ ಮೂಲೆಯಲ್ಲಿ, ಗೋಡೆಗೆ ಒತ್ತಿಕೊಂಡಂತೆ ಎಂಜಿನ್ ಕೂತಿತ್ತು. ಭಾವ ಮೂಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು.

"ಪಿಸ್ಟನ್ ರಿಂಗು ಸವ್ದೈತೆ, ಅಷ್ಟೇಯ. ಹೊಸ್ವು ಹಾಕ್ಸ್ಕಂಡ್ಬುಟ್ರೆ ಕುದ್ರೆ ಕಣ್ಲಾ ಇದು."

"ಅಂಗಿದ್ರೆ ನೀವೇ ಯಾಕೆ ಕಟ್ಟಿಸ್ಕಳಲ್ಲ, ಭಾವ?"

"ನಿಂಗಿರ್ಲಿ ಅಂತ ಕಣಪ್ಪ. ಹೊರಗಿನೋನೇನು ನೀನು?"

ಭಾವ ನನಗೆ 'ಕಣಪ್ಪ' ಅಂದದ್ದು ಅದೇ ಮೊದಲು. ಅನುಮಾನ ಇಮ್ಮಡಿಯಾಯಿತು. ಅಷ್ಟರಲ್ಲಿ ಯಾರೋ ದಲ್ಲಾಳಿ ಕರೆದನೆಂದು ಅವರು ಎದ್ದು ಹೊರಗೆ ಹೋದರು.

ನಾನು ಗೋಡೆಯ ಸಂದಿಗೆ ತಲೆ ತೂರಿಸಿದೆ. ಎಂಜಿನ್ನಿನ ಮುಂದುಗಡೆ ಆಯುಧಪೂಜೆಯ ಕುಂಕುಮ ಒಣಗಿ ಉದುರುತ್ತಿತ್ತು. ಹಿಂದುಗಡೆ, ಯಾರ ಕಣ್ಣಿಗೂ ಬೀಳದ ಕೆಳಗಿನ ಪಕ್ಕದಲ್ಲಿ, ಮೂರು ಗೀಟು ವಿಭೂತಿ. ಮುಟ್ಟಿದರೆ ಇನ್ನೂ ಹಸಿ.

ನಮ್ಮಲ್ಲಿ ವಿಭೂತಿ ಹಚ್ಚಿದ್ದನ್ನು ಒರೆಸುವುದಿಲ್ಲ. ನೊಗಕ್ಕೆ ಹಚ್ಚಿದರೂ, ಪೆಟ್ಟಿಗೆಗೆ ಹಚ್ಚಿದರೂ ಅದು ತಾನಾಗಿ ಉದುರಬೇಕು. ಭಾವನ ಲೆಕ್ಕಾಚಾರ ಹೊಳೆಯಿತು: ಪುಣ್ಯಾತ್ಮ ಶಿವನನ್ನೇ ಕಾವಲಿಗೆ ಕೂರಿಸಿದ್ದಾನೆ! ಸಿಟ್ಟು ನೆತ್ತಿಗೇರಿತು. ತಪ್ಪಾಯಿತಪ್ಪ ಶಿವನೇ ಎಂದು ಟವೆಲಿನ ತುದಿಯಿಂದ ಅರ್ಧ ಒರೆಸಿ ಉಗುರಿನಿಂದ ಕೆರೆದೆ. ಮಸಿ ಬಂತು, ಮಸಿಯ ಕೆಳಗೆ ಅರಗು ಬಂತು, ಅರಗಿನ ಕೆಳಗೆ ಎರಕದ ಕಬ್ಬಿಣ ಗೇಣುದ್ದ ಸೀಳಿತ್ತು. ರಿಂಗು ಬದಲಾಯಿಸಬಹುದು. ಸೀಳಿದ ಎರಕಕ್ಕೆ ನಮ್ಮ ಸೀಮೆಯಲ್ಲಿ ಮದ್ದಿರಲಿಲ್ಲ.

ಆದರೆ ಮಸಿ ಬಳಿದು ಮುಚ್ಚಿದವನು ಅದರ ಮೇಲೆ ಬಿಳಿ ಯಾಕೆ ಹಚ್ಚುತ್ತಾನೆ? ಉಳಿದ ಅರ್ಧವನ್ನು ನೋಡಿದೆ. ನಡುವಿನ ಗೀಟು ತುದಿಯಲ್ಲಿ ಕೆಳಕ್ಕೆ ಜಾರಿತ್ತು.

ಅಕ್ಕನ ನಡುಬೆರಳು ಚಿಕ್ಕಂದಿನಲ್ಲಿ ಒರಳಿಗೆ ಸಿಕ್ಕಿ ಸೊಟ್ಟಗಾದದ್ದು. ದಿನಾ ಬೆಳಿಗ್ಗೆ ಅವಳು ಹಚ್ಚಿದ ವಿಭೂತಿ ನನ್ನ ಹಣೆಯ ಮೇಲೂ ಹೀಗೇ ಜಾರುತ್ತಿತ್ತು. ಸ್ಕೂಲಿನಲ್ಲಿ ಹುಡುಗರು ನಗುತ್ತಿದ್ದರು. ಪಾವಗಡದ ಮದುವೆಯಿಂದ ಬರುವಾಗ ಎಂಜಿನ್ ಬಿಸಿಯೇರಿ ಕಾರು ನಿಂತುಬಿಟ್ಟಿತ್ತು, ಡ್ರೈವರು ಬಾವಿಯ ತಣ್ಣೀರು ಸುರಿದ ಎಂದು ಅವಳೇ ಒಮ್ಮೆ ಹೇಳಿದ್ದಳು. ಸೀಳಿದ್ದು ಆಗಲೇ. ಗಂಡನ ಮಾತಿಗೆ ಎದುರಾಡಲಾರದವಳು ನನಗೆ ಜಾಗ ತೋರಿಸಿದ್ದಳು. ಭಾವ ಇದನ್ನು ನೋಡಬಾರದು. ಮಿಕ್ಕ ಗೀಟುಗಳನ್ನೂ ಗುರುತಿಲ್ಲದಂತೆ ಒರೆಸಿಬಿಟ್ಟೆ.

ಭಾವ ಹಿಂದೆಯೇ ನಿಂತಿದ್ದರು. ಸೀಳು ನೋಡಿದರು, ಟವೆಲು ನೋಡಿದರು.

"ಆ ಸಂದಿಗೇ ಯಾಕ್ಲಾ ಕೈ ಹಾಕ್ದೆ? ನಿಮ್ಮಕ್ಕ ಹೇಳಿದ್ಲಾ?"

ಅಕ್ಕ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಅವ್ಳ್ಯಾಕೆ ಹೇಳ್ತಾಳೆ? ಎತ್ತು ಮಾರ್ದಾಗ್ಲೇ ನಿಮ್ ಬುದ್ಧಿ ಊರಿಗೆಲ್ಲ ಗೊತ್ತಾಗೈತೆ," ಅಂದೆ.

ಬೇಕೆಂದೇ ಆಡಿದ ಮಾತು. ಭಾವನ ಮುಖ ಕಪ್ಪಿಟ್ಟಿತು. ಅಕ್ಕ ಅವರಿಗಿಂತ ಮೊದಲೇ ಕೂಗಿದಳು: "ಭಾವಂಗೆ ಇಂಗಂತೀಯೇನ್ಲಾ? ಎದ್ದೋಗು ಮನೆಯಿಂದ!" ನಾನು ಊಟ ಮಾಡದೆ ಹೊರಟೆ. ಅಕ್ಕ ಏನೂ ಹೇಳಿಲ್ಲವೆಂದು ಭಾವ ನಂಬಿದರು, ಅಷ್ಟು ಸಾಕಾಗಿತ್ತು.

ಬಸ್ಸಿಗೆ ಬೆಂಗಳೂರಿನಲ್ಲಿ ಬೇರೆ ಎಂಜಿನ್ ಸಿಕ್ಕಿತು. ಶಿರಾದ ಆ ಮನೆಗೆ ಮಾತ್ರ ಮತ್ತೆ ಹೋಗಲಾಗಲಿಲ್ಲ. ಪ್ರತಿ ಗೌರಿಹಬ್ಬಕ್ಕೆ ಅಕ್ಕನಿಗೆ ಬಾಗಿನ ಕಳಿಸುತ್ತಿದ್ದೆ. ಭಾವ ಹಾಗೇ ಹಿಂದಕ್ಕೆ ಕಳಿಸುತ್ತಿದ್ದರು. ಅವಳು ಒಮ್ಮೆಯಾದರೂ ಬಿಚ್ಚಿ ನೋಡಿರಬಹುದೆಂದು ಮೊರಕ್ಕೆ ಸುತ್ತಿದ ಬಟ್ಟೆಯ ಗಂಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಾನು ಹಾಕಿದ ಗಂಟೇ ಇರುತ್ತಿತ್ತು.